ನಮ್ಮ ಒಂದು ‘ತುಂಬಾ’, ಇಂಗ್ಲಿಷಿನ ಹಲವು ಮಾತು

(ಮಡಿಕೇರಿಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಟೀಚರುಗಳು ಮತ್ತು ಹೋಂಸ್ಟೇ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಡಿಸೆಂಬರ್ ತಿಂಗಳ ಚಳಿ. ಹೋಂಸ್ಟೇಗೆ ಹೊರದೇಶದ ಅತಿಥಿಯೊಬ್ಬರು ಬಂದಿದ್ದಾರೆ ಅಂದುಕೊಳ್ಳಿ. ಸ್ನಾನಕ್ಕೆ ಹೊರಟವರಿಗೆ ಮನೆಯವರು ಧೈರ್ಯ ಹೇಳುತ್ತಾರೆ: ‘ಡೋಂಟ್ ವರಿ, ವಾಟರ್ ಈಸ್ ಟೂ ಹಾಟ್.’ ಮನೆಯವರ ಮನಸ್ಸಿನಲ್ಲಿ ಇರುವುದು, ನೀರು ಚೆನ್ನಾಗಿ ಕಾದಿದೆ, ಆರಾಮಾಗಿ ಸ್ನಾನ ಮಾಡಿ ಅಂತ. ಅತಿಥಿಗೆ ಕೇಳಿಸುವುದು, ಮೈಮೇಲೆ ಹೊಯ್ದುಕೊಳ್ಳಲು ಆಗದಷ್ಟು ಬಿಸಿ ಅಂತ. ಅವರು ಟವೆಲ್ ಹಿಡಿದುಕೊಂಡು ಬಚ್ಚಲುಮನೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ಇಬ್ಬರಿಗೂ ಇಂಗ್ಲಿಷ್ ಬರುತ್ತದೆ. ಮಾತು ಕೆಟ್ಟದ್ದು ‘ಟೂ’ ಅನ್ನುವ ಒಂದೇ ಒಂದು ಸಣ್ಣ ಪದದಿಂದ.

ಇದರ ಬೇರು ಎಲ್ಲಿದೆ ನೋಡಿ. ಕನ್ನಡದಲ್ಲಿ ನಮಗೆ ‘ತುಂಬಾ’ ಒಂದಿದ್ದರೆ ಸಾಕು. ನೀರು ತುಂಬಾ ಬಿಸಿ. ನನಗೆ ಕಾಫಿ ತುಂಬಾ ಇಷ್ಟ. ಆ ರಸ್ತೆಗಿಂತ ಈ ರಸ್ತೆ ತುಂಬಾ ಚೆನ್ನಾಗಿದೆ. ತುಂಬಾ ಜನ ಬಂದಿದ್ದರು. ಬಡಿಸಿದ್ದು ತುಂಬಾ ಆಯ್ತು, ತಿನ್ನೋಕೆ ಆಗಲ್ಲ. ಐದು ಮಾತಿಗೂ ಒಂದೇ ಪದ. ಇಂಗ್ಲಿಷಿನಲ್ಲಿ ಇದೇ ಐದು ಮಾತಿಗೆ ‘ವೆರಿ’, ‘ವೆರಿ ಮಚ್’, ‘ಮಚ್’, ‘ಎ ಲಾಟ್ ಆಫ್’, ‘ಟೂ ಮಚ್’ ಅಂತ ಐದು ಬೇರೆ ಬೇರೆ ಪದ ಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ನಮ್ಮ ಮಕ್ಕಳು ಈ ಪದಗಳಲ್ಲಿ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ‘ತುಂಬಾ’ದಿಂದಲೇ ಹುಟ್ಟುತ್ತವೆ ಅನ್ನುವುದು ನನ್ನ ನಂಬಿಕೆ. ಇವತ್ತು ಅದನ್ನೇ ಬಿಡಿಸಿ ನೋಡೋಣ.

ಆಡ್ವರ್ಬ್, ಅಂದರೆ ಕ್ರಿಯಾವಿಶೇಷಣ, ಕ್ರಿಯಾಪದದ ಬಗ್ಗೆ ಹೇಳುವ ಪದ ಅಂತ ನಾವೆಲ್ಲ ಕಲಿಸುತ್ತೇವೆ. ಹೇಗೆ, ಯಾವಾಗ, ಎಲ್ಲಿ. ಅದು ಅರ್ಧ ಮಾತು. ಇಂಗ್ಲಿಷಿನ ಆಡ್ವರ್ಬು ಗುಣವಾಚಕದ ಮುಂದೆ ನಿಲ್ಲುತ್ತದೆ, ಇನ್ನೊಂದು ಆಡ್ವರ್ಬಿನ ಮುಂದೆ ನಿಲ್ಲುತ್ತದೆ, ಕೆಲವು ಸಲ ಇಡೀ ವಾಕ್ಯಕ್ಕೇ ಸೇರಿಕೊಳ್ಳುತ್ತದೆ. ‘ಹಿ ಸ್ಪೋಕ್ ಕ್ಲಿಯರ್ಲಿ’ ಅಂದರೆ ಸ್ಪಷ್ಟವಾಗಿ ಮಾತಾಡಿದ. ‘ಕ್ಲಿಯರ್ಲಿ, ಹಿ ಸ್ಪೋಕ್’ ಅಂದರೆ ಅವನು ಮಾತಾಡಿದ್ದಂತೂ ಖಂಡಿತ. ಪದಗಳು ಅವೇ, ಜಾಗ ಬದಲಾಯಿತು, ಅರ್ಥವೂ ಬದಲಾಯಿತು.

ಇಂಟೆನ್ಸಿಫೈಯರ್, ಅಂದರೆ ಒತ್ತು ಕೊಡುವ ಪದ, ‘ಹೇಗೆ’ ಅಂತ ಹೇಳುವುದಿಲ್ಲ. ಅದು ಹೇಳುವುದು ‘ಎಷ್ಟು’ ಅಂತ. ‘ಶಿ ಸಿಂಗ್ಸ್ ವೆರಿ ಸ್ವೀಟ್ಲಿ’ ಅನ್ನುವಾಗ ‘ವೆರಿ’ ಅಂಟಿಕೊಂಡಿರುವುದು ‘ಸ್ವೀಟ್ಲಿ’ಗೆ. ಹಾಡುವುದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ‘ವೆರಿ’ಗೆ ಕ್ರಿಯಾಪದವನ್ನು ಮುಟ್ಟಲು ಬರುವುದೇ ಇಲ್ಲ. ಅದಕ್ಕೇ ‘ಐ ವೆರಿ ಲೈಕ್ ಕಾಫಿ’ ನಿಲ್ಲುವುದಿಲ್ಲ. ಕ್ರಿಯಾಪದಕ್ಕೆ ಒತ್ತು ಬೇಕಾದರೆ ‘ವೆರಿ ಮಚ್’ ತರಬೇಕು, ಅದನ್ನು ಸಾಮಾನ್ಯವಾಗಿ ಕೊನೆಯಲ್ಲಿ ಇಡಬೇಕು: ‘ಐ ಲೈಕ್ ಕಾಫಿ ವೆರಿ ಮಚ್.’ ಇಲ್ಲವಾದರೆ ‘ಐ ರಿಯಲಿ ಲೈಕ್ ಕಾಫಿ.’ ‘ರಿಯಲಿ’ಗೆ ಕ್ರಿಯಾಪದದ ಮುಂದೆ ನಿಲ್ಲಲು ಅಡ್ಡಿಯಿಲ್ಲ.

ಕೊನೆಯಲ್ಲೇ ಯಾಕೆ ಅಂತ ಮಕ್ಕಳು ಕೇಳಬೇಕು, ಕೇಳುವಂತೆ ನಾವು ಮಾಡಬೇಕು. ‘ಐ ಲೈಕ್ ವೆರಿ ಮಚ್ ಕಾಫಿ’ ಯಾಕೆ ತಪ್ಪು? ‘ಹಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಯಾಕೆ ತಪ್ಪು? ಕನ್ನಡದಲ್ಲಿ ‘ಅವನು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾನೆ’ ಅನ್ನಬಹುದು, ‘ಇಂಗ್ಲಿಷನ್ನು ಚೆನ್ನಾಗಿ ಮಾತಾಡುತ್ತಾನೆ’ ಅಂತಲೂ ಅನ್ನಬಹುದು. ನಮ್ಮಲ್ಲಿ ‘ಅನ್ನು’ ಪ್ರತ್ಯಯ ಇದೆ. ಕರ್ಮಪದ ಎಲ್ಲಿದ್ದರೂ ಅದು ಗುರುತು ಕೊಡುತ್ತದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯ ಇಲ್ಲ. ಯಾವುದು ಕರ್ಮಪದ ಅಂತ ತಿಳಿಯುವುದು ಅದು ನಿಂತ ಜಾಗದಿಂದ, ಕ್ರಿಯಾಪದದ ಬೆನ್ನಿಗೇ ಇರುವುದರಿಂದ. ಹಾಗಾಗಿ ಆ ಎರಡರ ನಡುವೆ ಇನ್ನೊಂದು ಪದ ತೂರಿಸಲು ಆ ಭಾಷೆ ಸುಲಭಕ್ಕೆ ಒಪ್ಪುವುದಿಲ್ಲ. ಈ ಸಭೆಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರಿದ್ದೀರಿ, ಅರೆಭಾಷೆ ಆಡುವವರಿದ್ದೀರಿ, ತುಳು, ಮಲಯಾಳ ಆಡುವವರೂ ಇದ್ದೀರಿ. ಇವೆಲ್ಲ ದ್ರಾವಿಡ ಭಾಷೆಗಳು, ಕ್ರಿಯಾಪದವನ್ನು ಕೊನೆಯಲ್ಲಿ ಇಡುವ ಭಾಷೆಗಳು. ‘ಹೇಗೆ’ ಅನ್ನುವ ಮಾತು ಇವುಗಳಲ್ಲಿ ಕ್ರಿಯಾಪದಕ್ಕಿಂತ ಮೊದಲು ಬರುತ್ತದೆ. ಕೊಡಗಿನ ಮಗು ಮನೆಯಲ್ಲಿ ಯಾವ ಭಾಷೆ ಆಡಿದರೂ ಈ ಒಂದು ಕಡೆ ಎಡವುವ ಸಾಧ್ಯತೆ ಇದೆ ಅನ್ನುವುದನ್ನು ಟೀಚರುಗಳು ನೆನಪಿಡಿ.

ಈಗ ‘ಲಿ’ ವಿಷಯ. ‘ಸ್ಲೋ, ಸ್ಲೋಲಿ’, ‘ಕ್ವಿಕ್, ಕ್ವಿಕ್ಲಿ’. ನಮ್ಮ ‘ಆಗಿ’ ಹಾಗೆಯೇ: ಸುಂದರ, ಸುಂದರವಾಗಿ. ಹಳೆಯ ಇಂಗ್ಲಿಷಿನಲ್ಲಿ ದೇಹ, ಆಕಾರ ಅನ್ನುವ ಅರ್ಥದ ಒಂದು ಪದ ಇತ್ತು. ಅದೇ ಸವೆದು ಸವೆದು ಈ ‘ಲಿ’ ಆಗಿದೆ. ಆದರೆ ‘ಲಿ’ ಇದ್ದದ್ದೆಲ್ಲ ಆಡ್ವರ್ಬ್ ಅಲ್ಲ. ‘ಫ್ರೆಂಡ್ಲಿ’, ‘ಲವ್ಲಿ’, ‘ಲೋನ್ಲಿ’ ಗುಣವಾಚಕಗಳು. ‘ಹಿ ಟಾಕ್ಡ್ ಫ್ರೆಂಡ್ಲಿ’ ಅನ್ನುವಂತಿಲ್ಲ, ‘ಇನ್ ಎ ಫ್ರೆಂಡ್ಲಿ ವೇ’ ಅನ್ನಬೇಕು. ಹಾಗೆಯೇ ‘ಲಿ’ ಇಲ್ಲದಿದ್ದರೂ ಆಡ್ವರ್ಬ್ ಇರಬಹುದು. ಸಂಪಾಜೆ ಘಾಟಿಯಂಥ ತಿರುವುಗಳಲ್ಲಿ ‘ಗೋ ಸ್ಲೋ’ ಬೋರ್ಡು ನೋಡಿದಾಗ, ಇದು ವ್ಯಾಕರಣ ತಪ್ಪು, ‘ಸ್ಲೋಲಿ’ ಇರಬೇಕಿತ್ತು ಅಂತ ಹೇಳುವವರಿದ್ದಾರೆ. ತಪ್ಪಲ್ಲ. ‘ಸ್ಲೋ’ ಪದವನ್ನು ಆಡ್ವರ್ಬ್ ಆಗಿ ಬಳಸುವುದು ನೂರಾರು ವರ್ಷಗಳ ರೂಢಿ. ‘ಫಾಸ್ಟ್’, ‘ಹಾರ್ಡ್’, ‘ಲೇಟ್’ ಎಲ್ಲ ಹಾಗೆಯೇ.

ಇಲ್ಲಿ ಒಂದು ಅಪಾಯ ಇದೆ. ಎಸ್ಟೇಟಿನಲ್ಲಿ ಒಬ್ಬ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರು, ಹಲವು ವರ್ಷ ಮೈಮುರಿದು ದುಡಿದಿದ್ದಾರೆ. ಬೇರೆ ಕೆಲಸಕ್ಕೆ ಅರ್ಜಿ ಹಾಕಲು ಅವರಿಗೊಂದು ಶಿಫಾರಸು ಪತ್ರ ಬೇಕು. ಬರೆದುಕೊಡುವವರು ‘ಲಿ’ ಸೇರಿಸಿದರೆ ಇಂಗ್ಲಿಷ್ ಗಟ್ಟಿಯಾಗುತ್ತದೆ ಅಂದುಕೊಂಡು ‘ಹಿ ಹಾರ್ಡ್ಲಿ ವರ್ಕ್ಸ್’ ಅಂತ ಬರೆದರೆ ಏನಾಗುತ್ತದೆ ಗೊತ್ತಾ? ‘ಇವರು ಕೆಲಸ ಮಾಡುವುದೇ ಅಪರೂಪ’ ಅಂತ ಆಗುತ್ತದೆ. ‘ಹಾರ್ಡ್’ ಅಂದರೆ ಕಷ್ಟಪಟ್ಟು. ‘ಹಾರ್ಡ್ಲಿ’ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಒಬ್ಬ ಮನುಷ್ಯನ ದುಡಿಮೆಯೆಲ್ಲ ಎರಡು ಅಕ್ಷರದಲ್ಲಿ ಮುಳುಗಿಹೋಯಿತು. ‘ಲೇಟ್’ ಮತ್ತು ‘ಲೇಟ್ಲಿ’ ಕೂಡ ಹೀಗೇ: ಒಂದು ತಡವಾಗಿ, ಇನ್ನೊಂದು ಇತ್ತೀಚೆಗೆ. ಈ ಜೋಡಿಗಳನ್ನು ಮಕ್ಕಳಿಗೆ ಸುಮ್ನೆ ಪಟ್ಟಿ ಮಾಡಿ ಕೊಡಬೇಡಿ. ಇಂಥ ಒಂದೊಂದು ಪತ್ರ ಮಾಡಿ ಓದಿಸಿ, ಜನ್ಮದಲ್ಲಿ ಮರೆಯುವುದಿಲ್ಲ.

ಒತ್ತಿನ ಪದಗಳಿಗೆ ಬರೋಣ. ಕರಿಮೆಣಸು ಕೊಯ್ಯುವ ಏಣಿ ನೆನಪು ಮಾಡಿಕೊಳ್ಳಿ. ‘ಹಾಟ್’, ‘ಟೈರ್ಡ್’, ‘ಬಿಗ್’, ‘ಕೋಲ್ಡ್’, ಈ ಪದಗಳಿಗೆ ಅಂಥದ್ದೊಂದು ಏಣಿ ಇದೆ. ಸ್ವಲ್ಪ ಬಿಸಿ, ಸುಮಾರು ಬಿಸಿ, ಜಾಸ್ತಿ ಬಿಸಿ ಅಂತ ಮೆಟ್ಟಿಲು ಹತ್ತಬಹುದು. ಇವುಗಳ ಜೊತೆ ‘ವೆರಿ’ ಹೊಂದುತ್ತದೆ. ‘ಹ್ಯೂಜ್’, ‘ಫ್ರೀಜಿಂಗ್’, ‘ಎಕ್ಸಾಸ್ಟೆಡ್’ ಪದಗಳು ಆಗಲೇ ಏಣಿಯ ತುದಿಯಲ್ಲಿ ಕೂತಿವೆ. ಅವುಗಳನ್ನು ಇನ್ನೂ ಮೇಲಕ್ಕೆ ಹತ್ತಿಸಲು ಮೆಟ್ಟಿಲೇ ಇಲ್ಲ. ಅದಕ್ಕೇ ‘ವೆರಿ ಎಕ್ಸಾಸ್ಟೆಡ್’ ಕಿವಿಗೆ ಹಿತವಲ್ಲ, ‘ಅಬ್ಸೊಲ್ಯೂಟ್ಲಿ ಎಕ್ಸಾಸ್ಟೆಡ್’ ಸರಿ. ಇನ್ನು ಕೆಲವಕ್ಕೆ ಏಣಿಯೇ ಇಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ: ‘ಡೆಡ್’, ‘ಎಂಪ್ಟಿ’, ‘ಕ್ಲೋಸ್ಡ್’. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋದಾಗ ಹೊರಗಿನವರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದವರು ಇಲ್ಲಿ ಅನೇಕರು ಇರಬಹುದು. ಆ ರಸ್ತೆ ‘ವೆರಿ ಕ್ಲೋಸ್ಡ್’ ಅಲ್ಲ, ‘ಕಂಪ್ಲೀಟ್ಲಿ ಕ್ಲೋಸ್ಡ್’. ಊರುಗಳು ‘ಕಂಪ್ಲೀಟ್ಲಿ ಕಟ್ ಆಫ್’. ‘ಕಂಪ್ಲೀಟ್ಲಿ’, ‘ಟೋಟಲಿ’, ‘ಅಬ್ಸೊಲ್ಯೂಟ್ಲಿ’ ಇವು ಪೂರ್ತಿ ಆಗಿಹೋಗಿದೆ ಅನ್ನುವ ಪದಗಳು. ‘ವೆರಿ’ ಮಾತ್ರ ಮೆಟ್ಟಿಲು ಹತ್ತಿಸುವ ಪದ. ‘ರಿಯಲಿ’ಗೆ ಈ ಕಟ್ಟು ಇಲ್ಲ, ‘ರಿಯಲಿ ಟೈರ್ಡ್’, ‘ರಿಯಲಿ ಎಕ್ಸಾಸ್ಟೆಡ್’ ಎರಡೂ ನಡೆಯುತ್ತದೆ. ಮಾತಾಡುವಾಗ ಅನುಮಾನ ಬಂದರೆ ‘ರಿಯಲಿ’ ಹಿಡಿದುಕೊಳ್ಳಿ ಅಂತ ನಾನು ಹೇಳುತ್ತೇನೆ.

ಇದೇ ಕಾರಣಕ್ಕೆ ‘ಕ್ವೈಟ್’ ಒಂದು ಕಠಿಣ ಪದ. ಹೋಂಸ್ಟೇಯವರು ಇದನ್ನು ಗಮನ ಇಟ್ಟು ಕೇಳಿ. ‘ಕ್ವೈಟ್’ ಏಣಿಯಿರುವ ಪದದ ಜೊತೆ ಬಂದರೆ ‘ತಕ್ಕಮಟ್ಟಿಗೆ’. ಏಣಿ ಇಲ್ಲದ ಪದದ ಜೊತೆ ಬಂದರೆ ‘ಪೂರ್ತಿ’. ‘ಕ್ವೈಟ್ ರೈಟ್’, ‘ಕ್ವೈಟ್ ಇಂಪಾಸಿಬಲ್’ ಅಂದರೆ ಪೂರ್ತಿ ಸರಿ, ಆಗದೇ ಆಗದು. ಬ್ರಿಟನ್ನಿನ ಅತಿಥಿ ‘ದ ರೂಮ್ ವಾಸ್ ಕ್ವೈಟ್ ಗುಡ್’ ಅಂತ ಬರೆದರೆ ಹೆಚ್ಚಾಗಿ ‘ಪರವಾಗಿಲ್ಲ’ ಅನ್ನುವ ಅರ್ಥ. ಅಮೆರಿಕದ ಅತಿಥಿ ಅದೇ ಮಾತು ಬರೆದರೆ ಸಾಮಾನ್ಯವಾಗಿ ಅದು ಹೊಗಳಿಕೆ. ಬರೆದವರು ಎಲ್ಲಿಯವರು ಅಂತ ನೋಡಿಯೇ ಖುಷಿಪಡಬೇಕು. ‘ಎ ಬಿಟ್’ ಇನ್ನೊಂದು ಬಗೆ. ಅದು ಹೆಚ್ಚಾಗಿ ಬೇಡದ ಗುಣಗಳ ಜೊತೆ ಓಡಾಡುತ್ತದೆ: ‘ಎ ಬಿಟ್ ಕೋಲ್ಡ್’, ‘ಎ ಬಿಟ್ ಎಕ್ಸ್‌ಪೆನ್ಸಿವ್’, ‘ಎ ಬಿಟ್ ನಾಯ್ಸಿ’. ‘ಎ ಬಿಟ್ ಗುಡ್’ ಅಂತ ಯಾರೂ ಹೇಳುವುದಿಲ್ಲ. ಬ್ರಿಟಿಷರು ಕೋಪವನ್ನೂ ಇದೇ ಪದದಲ್ಲಿ ಸುತ್ತಿ ಕೊಡುತ್ತಾರೆ. ‘ದ ಬೆಡ್ ವಾಸ್ ಎ ಬಿಟ್ ಡ್ಯಾಂಪ್’ ಅಂತ ಯಾರಾದರೂ ಬರೆದಿದ್ದರೆ, ದಯವಿಟ್ಟು ಅದನ್ನು ‘ಸ್ವಲ್ಪ’ ಅಂತ ಓದಿ ಬಿಟ್ಟುಬಿಡಬೇಡಿ. ಮಳೆಗಾಲದಲ್ಲಿ ಆ ಹಾಸಿಗೆ ಒದ್ದೆಯೇ ಇದ್ದಿರಬಹುದು.

‘ಟೂ’ಗೆ ವಾಪಸ್ ಬರುತ್ತೇನೆ. ‘ಟೂ’ ಅಂದರೆ ಮಿತಿ ಮೀರಿದ್ದು. ಅದರ ಬೆನ್ನಿಗೆ ಒಂದು ‘ಆಗುವುದಿಲ್ಲ’ ಇದ್ದೇ ಇರುತ್ತದೆ, ಬಾಯಿಬಿಟ್ಟು ಹೇಳದಿದ್ದರೂ. ‘ಟೂ ಹಾಟ್ ಟು ಡ್ರಿಂಕ್’, ಕುಡಿಯಲಾಗದಷ್ಟು ಬಿಸಿ. ‘ಟೂ ಸ್ಟೀಪ್ ಟು ಡ್ರೈವ್’, ಗಾಡಿ ಹತ್ತದಷ್ಟು ಕಡಿದು. ಕನ್ನಡದ ‘ಆಗದಷ್ಟು’ ಇದಕ್ಕೆ ಸರಿಯಾದ ಜೊತೆ. ಮಕ್ಕಳಿಗೆ ‘ಟೂ’ ಅಂದರೆ ‘ತುಂಬಾ’ ಅಂತ ಹೇಳಿಕೊಡುವ ಬದಲು ‘ಆಗದಷ್ಟು’ ಅಂತ ಹೇಳಿಕೊಟ್ಟರೆ ಅರ್ಧ ತಪ್ಪು ಅಲ್ಲೇ ನಿಂತುಹೋಗುತ್ತದೆ. ‘ಐ ಆಮ್ ಟೂ ಹ್ಯಾಪಿ’ ಅನ್ನುವ ಮುಂಚೆ ಮಗು ತಾನೇ ಕೇಳಿಕೊಳ್ಳುತ್ತದೆ, ಏನು ಮಾಡಲಾಗದಷ್ಟು ಖುಷಿ ಅಂತ. ‘ಎನಫ್’ ಇದರ ಇನ್ನೊಂದು ಮುಖ, ‘ಆಗುವಷ್ಟು’. ಅದರ ಜಾಗ ನೋಡಿ: ನಾಮಪದಕ್ಕೆ ಮುಂದೆ, ಗುಣವಾಚಕಕ್ಕೆ ಹಿಂದೆ. ‘ಎನಫ್ ವಾಟರ್’, ಆದರೆ ‘ಹಾಟ್ ಎನಫ್’. ಹೋಂಸ್ಟೇಯವರು ಅವತ್ತು ಕೇಳಬೇಕಿದ್ದದ್ದು ಇಷ್ಟೇ: ‘ಈಸ್ ದ ವಾಟರ್ ಹಾಟ್ ಎನಫ್?’

ಹೋಲಿಕೆ ಬಂದಲ್ಲಿ ‘ವೆರಿ’ ಹಿಂದೆ ಸರಿಯುತ್ತದೆ. ‘ವೆರಿ ಬೆಟರ್’ ಇಲ್ಲ, ‘ಮಚ್ ಬೆಟರ್’ ಅಥವಾ ‘ಫಾರ್ ಬೆಟರ್’. ‘ಸೋ’ ಮತ್ತು ‘ಸಚ್’ ಗೊಂದಲವೂ ಸಣ್ಣದು: ಬರೀ ಗುಣವಾಚಕ ಇದ್ದರೆ ‘ಸೋ ಗುಡ್’, ಅದರ ಜೊತೆ ನಾಮಪದ ಇದ್ದರೆ ‘ಸಚ್ ಗುಡ್ ಕಾಫಿ’. ಅಷ್ಟು ಸಾಕು.

ಇನ್ನು ಜೊತೆಗಾರಿಕೆ. ನಿಯಮ ಕಲಿತರೂ ಇದು ಬರುವುದಿಲ್ಲ, ಕೇಳಿ ಕೇಳಿಯೇ ಬರಬೇಕು. ಮಳೆ ‘ಹೆವಿಲಿ’ ಬರುತ್ತದೆ, ‘ಸ್ಟ್ರಾಂಗ್ಲಿ’ ಬರುವುದಿಲ್ಲ. ಗಾಳಿ ‘ಸ್ಟ್ರಾಂಗ್’, ಕಾಫಿಯೂ ‘ಸ್ಟ್ರಾಂಗ್’, ಟ್ರಾಫಿಕ್ ‘ಹೆವಿ’. ಚಳಿ ‘ಬಿಟರ್ಲಿ ಕೋಲ್ಡ್’, ನಿದ್ದೆ ‘ಫಾಸ್ಟ್ ಅಸ್ಲೀಪ್’, ಕತ್ತಲೆ ‘ಪಿಚ್ ಡಾರ್ಕ್’, ಹೊಸ ಜೀಪು ‘ಬ್ರ್ಯಾಂಡ್ ನ್ಯೂ’. ಇಂಥದ್ದು ನಮ್ಮಲ್ಲಿ ಇಲ್ಲವಾ? ಹೊಚ್ಚಹೊಸ, ಕಗ್ಗತ್ತಲೆ, ಕಡುಬಡತನ, ನಟ್ಟನಡುವೆ, ಬಟ್ಟಬಯಲು. ‘ಹೊಚ್ಚ’ ಹೊಸದಕ್ಕೆ ಮಾತ್ರ, ‘ಬಟ್ಟ’ ಬಯಲಿಗೆ ಮಾತ್ರ. ‘ಹೊಚ್ಚಬಯಲು’ ಅಂತ ನಾವು ಯಾವತ್ತಾದರೂ ಹೇಳುತ್ತೇವಾ? ಒತ್ತಿನ ಪದಕ್ಕೆ ತನ್ನದೇ ಜೊತೆ ಇರುತ್ತದೆ ಅನ್ನುವುದು ಕನ್ನಡದ ಮಕ್ಕಳಿಗೆ ಹುಟ್ಟಿನಿಂದ ಗೊತ್ತು. ಆ ತಿಳಿವಳಿಕೆಯಿಂದಲೇ ಪಾಠ ಶುರು ಮಾಡಿದರೆ ಇಂಗ್ಲಿಷಿನ ಜೋಡಿಗಳು ಅವರಿಗೆ ವಿಚಿತ್ರ ಅನ್ನಿಸುವುದಿಲ್ಲ.

ನಮ್ಮಲ್ಲಿ ಇನ್ನೊಂದು ಶ್ರೀಮಂತಿಕೆ ಇದೆ, ಅದು ಇಂಗ್ಲಿಷಿಗೆ ಹಾಗೇ ದಾಟುವುದಿಲ್ಲ. ಮಳೆ ಧೋ ಅಂತ ಸುರಿಯುತ್ತದೆ, ಜಿಟಿಜಿಟಿ ಹಿಡಿಯುತ್ತದೆ, ಪಟಪಟನೆ ಹನಿ ಬೀಳುತ್ತದೆ. ನಾವು ಶಬ್ದವನ್ನು ಕ್ರಿಯಾವಿಶೇಷಣದಲ್ಲಿ ಇಡುತ್ತೇವೆ. ಇಂಗ್ಲಿಷ್ ಅದನ್ನು ಹೆಚ್ಚಾಗಿ ಕ್ರಿಯಾಪದದ ಒಳಗೇ ತುಂಬುತ್ತದೆ: ‘ಇಟ್ ಪೋರ್ಡ್’, ‘ಇಟ್ ಡ್ರಿಜ಼ಲ್ಡ್’, ‘ಇಟ್ ಪ್ಯಾಟರ್ಡ್ ಆನ್ ದ ರೂಫ್’. ಭಾಗಮಂಡಲದ ಜುಲೈ ಮಳೆ ಬಗ್ಗೆ ಬರೆಯುವ ಹುಡುಗಿ ‘ಇಟ್ ರೇನ್ಡ್ ವೆರಿ ವೆರಿ ಹೆವಿಲಿ’ ಅಂತ ಬರೆದರೆ ತಪ್ಪೇನಿಲ್ಲ. ಆದರೆ ಅವಳಿಗೆ ‘ಪೋರ್ಡ್’ ಅನ್ನುವ ಒಂದು ಪದ ಕೊಟ್ಟು ನೋಡಿ. ಎರಡು ‘ವೆರಿ’ ತಾವಾಗಿಯೇ ಬಿದ್ದುಹೋಗುತ್ತವೆ. ಹಾಗೆಯೇ, ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಅರಳಿದ್ದನ್ನು ಅತಿಥಿಗೆ ತೋರಿಸುವಾಗ ‘ವೆರಿ ಮೆನಿ ಫ್ಲವರ್ಸ್’ ಅನ್ನುವುದಕ್ಕಿಂತ ‘ಇನ್ ಫುಲ್ ಬ್ಲೂಮ್’ ಅನ್ನುವುದು ಎಷ್ಟೋ ಚಂದ. ‘ಹಾಟ್ ಹಾಟ್ ಕಾಫಿ’ ನಮ್ಮ ಬಿಸಿಬಿಸಿ ಕಾಫಿಯ ನೆರಳು, ಮಾತಿನಲ್ಲಿ ಮುದ್ದಾಗಿದೆ. ಇಂಗ್ಲಿಷಿನ ಸ್ವಂತ ಜೋಡಿ ‘ಪೈಪಿಂಗ್ ಹಾಟ್’.

‘ವೆರಿ’ಯ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು, ಮೂಲದ ಅರ್ಥ ‘ನಿಜವಾದ’. ಮೊದಲು ಅದು ಗುಣವಾಚಕವಾಗಿತ್ತು. ಆ ಹಳೆಯ ಬಾಳು ಇವತ್ತಿಗೂ ಒಂದು ಕಡೆ ಉಳಿದಿದೆ. ‘ದ ವೆರಿ ಟಾಪ್ ಆಫ್ ತಡಿಯಂಡಮೋಳ್’ ಅಂತೀವಲ್ಲ, 1,748 ಮೀಟರ್ ಎತ್ತರದ ನಮ್ಮ ಕೊಡಗಿನ ಅತಿ ಎತ್ತರದ ಬೆಟ್ಟದ ತುತ್ತತುದಿ, ಅಲ್ಲಿ ‘ವೆರಿ’ ಇರುವುದು ನಾಮಪದದ ಮುಂದೆ. ಆಮೇಲೆ ಜನ ಬಳಸಿ ಬಳಸಿ ‘ನಿಜವಾಗಿ’ ಅನ್ನುವುದು ‘ಬಹಳ’ ಆಯಿತು. ಸತ್ಯ ಸವೆದು ಅಳತೆಯಾಯಿತು. ‘ರಿಯಲಿ’, ‘ಟ್ರೂಲಿ’ಗೂ ಅದೇ ಆಗಿದೆ. ಅದಕ್ಕೂ ಮುಂಚೆ, ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸ ಮಾಡುತ್ತಿದ್ದ ‘ಸ್ವಿದೆ’ ಅನ್ನುವ ಪದದ ಬೇರು ‘ಬಲವಾದ’ ಅನ್ನುವ ಅರ್ಥದ್ದು. ಅದು ಈಗ ಮಾಯವಾಗಿದೆ. ‘ಟೆರಿಬ್ಲಿ’, ‘ಆಫುಲಿ’ ಪದಗಳಲ್ಲಿ ಭಯ ಇತ್ತು, ಈಗ ‘ಟೆರಿಬ್ಲಿ ಹ್ಯಾಪಿ’ ಅನ್ನಬಹುದು. ನಮ್ಮ ಹುಡುಗರು ‘ಭಯಂಕರ ಚೆನ್ನಾಗಿದೆ’ ಅನ್ನುವುದು ಇದೇ ದಾರಿ. ‘ಸಖತ್’ ಪಾರ್ಸಿಯಿಂದ ಬಂದದ್ದು, ಮೂಲದಲ್ಲಿ ಗಟ್ಟಿ, ಕಠಿಣ ಅಂತ ಅರ್ಥ. ‘ಭಾರಿ’ ಅಂದರೆ ತೂಕದ್ದು. ನಿಜ, ಬಲ, ಭಯ, ತೂಕ: ಲೋಕದ ಭಾಷೆಗಳು ಒತ್ತಿನ ಪದಗಳನ್ನು ಇಂಥ ಕಡೆಗಳಿಂದಲೇ ಮತ್ತೆ ಮತ್ತೆ ಹೆಕ್ಕುತ್ತವೆ. ಒಂದು ಸವೆದಾಗ ಇನ್ನೊಂದನ್ನು ತರುತ್ತವೆ. ಇದು ನನಗೆ ಯಾವತ್ತೂ ಬೇಸರ ತರದ ವಿಷಯ.

‘ಓನ್ಲಿ’ ಬಗ್ಗೆಯೂ ಹೇಳಲೇಬೇಕು. ‘ಐ ಆಮ್ ಹಿಯರ್ ಓನ್ಲಿ’, ‘ಹಿ ಕೇಮ್ ಯೆಸ್ಟರ್‌ಡೇ ಓನ್ಲಿ’. ನಮ್ಮ ‘ಏ’ ಇಲ್ಲಿ ಕೆಲಸ ಮಾಡುತ್ತಿದೆ: ಇಲ್ಲೇ, ನಿನ್ನೆಯೇ. ಕನ್ನಡದಲ್ಲಿ ‘ಮಾತ್ರ’ ಬೇರೆ, ‘ಏ’ ಬೇರೆ. ‘ಮಾತ್ರ’ ಬೇಲಿ ಹಾಕುತ್ತದೆ, ಇದನ್ನು ಬಿಟ್ಟು ಬೇರೆ ಇಲ್ಲ ಅನ್ನುತ್ತದೆ. ‘ಏ’ ಹಲವು ಸಲ ಬರೀ ಬೆರಳು ತೋರಿಸುತ್ತದೆ. ‘ಓನ್ಲಿ’ ಹೊಂದುವುದು ‘ಮಾತ್ರ’ಕ್ಕೆ. ‘ಏ’ಗೆ ಇಂಗ್ಲಿಷಿನಲ್ಲಿ ಒಂದೇ ಪದ ಇಲ್ಲ. ‘ಇಲ್ಲೇ’ಗೆ ‘ರೈಟ್ ಹಿಯರ್’. ‘ಅದೇ ದಿನ’ಕ್ಕೆ ‘ದ್ಯಾಟ್ ವೆರಿ ಡೇ’. ‘ನಿನ್ನೆಯಷ್ಟೇ’ಗೆ ‘ಓನ್ಲಿ ಯೆಸ್ಟರ್‌ಡೇ’, ಇಲ್ಲಿ ‘ಓನ್ಲಿ’ ಮುಂದೆ ಬಂತು. ಎಷ್ಟೋ ಸಲ ಪದವೇ ಬೇಡ, ದನಿಯಲ್ಲಿ ಒತ್ತು ಕೊಟ್ಟರೆ ಸಾಕು. ಬೋರ್ಡಿನಲ್ಲಿ ‘ವಿ ಸರ್ವ್ ಓನ್ಲಿ ವೆಜಿಟೇರಿಯನ್ ಫುಡ್ ಆನ್ ಸಂಡೇಸ್’ ಅಂತ ಬರೆದರೆ, ಭಾನುವಾರ ಮಾಂಸ ಇಲ್ಲ ಅಂತಾಗುತ್ತದೆ. ‘ವಿ ಸರ್ವ್ ವೆಜಿಟೇರಿಯನ್ ಫುಡ್ ಓನ್ಲಿ ಆನ್ ಸಂಡೇಸ್’ ಅಂತ ಬರೆದರೆ, ಸಸ್ಯಾಹಾರ ಬೇಕಾದವರು ಭಾನುವಾರವೇ ಬರಬೇಕು. ಮಾಂಸ ತಿನ್ನದ ಅತಿಥಿ ಬುಧವಾರ ಬಂದರೆ ಏನು ಗತಿ ಯೋಚನೆ ಮಾಡಿ.

ಕೊನೆಗೆ ಟೀಚರೊಬ್ಬರು ಕೇಳಿದರು, ಉತ್ತರಪತ್ರಿಕೆಯಲ್ಲಿ ‘ದ ಫುಡ್ ವಾಸ್ ಟೂ ಗುಡ್’ ಅಂತ ಬರೆದಿದ್ದರೆ ಅಂಕ ಕಳೆಯಬೇಕಾ ಅಂತ. ನನ್ನ ಉತ್ತರ ಹೀಗೆ. ಭಾರತದಲ್ಲಿ ಕೋಟಿಗಟ್ಟಲೆ ಜನ ಹೊಗಳಲು ‘ಟೂ ಗುಡ್’ ಅನ್ನುತ್ತಾರೆ, ಕೇಳುವವರಿಗೂ ಅರ್ಥವಾಗುತ್ತದೆ. ಗೆಳೆಯರ ನಡುವೆ, ಮೊಬೈಲ್ ಮೆಸೇಜಿನಲ್ಲಿ ಅದನ್ನು ತಿದ್ದುತ್ತಾ ಕೂರಬೇಡಿ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಹೊರದೇಶದವರಿಗೆ ಬರೆಯುವ ಪತ್ರದಲ್ಲಿ ತಿದ್ದಿ. ಕೆಂಪು ಗೆರೆ ಎಳೆದು ಸುಮ್ಮನಾಗಬೇಡಿ, ಪಕ್ಕದಲ್ಲಿ ‘ಏನು ಮಾಡಲಾಗದಷ್ಟು?’ ಅಂತ ಒಂದು ಪ್ರಶ್ನೆ ಬರೆಯಿರಿ. ಮಗು ಅದಕ್ಕೆ ಉತ್ತರ ಹುಡುಕಿ, ಸಿಗದೆ, ‘ವೆರಿ ಗುಡ್’ ಅಂತ ತಾನೇ ತಿದ್ದಿಕೊಂಡು ಬಂದರೆ ಪೂರ್ತಿ ಅಂಕ ಕೊಡಿ.